ಆ ಮನೆಯನ್ನು ದೊಡ್ಡದು ಮಾಡಬೇಡಿ, ಬಾಗಿಲು ತೆಗೆದಿಡಿ

ಮಗನ ಇಎಸ್‌ಐ ಕಾರ್ಡಿನ ಮೇಲೆ ಬೆಂಗಳೂರಿನ ರಾಜಾಜಿನಗರದ ಆಸ್ಪತ್ರೆಗೆ ಹೊರಟಿದ್ದ ನಮ್ಮೂರ ಅಜ್ಜನೊಬ್ಬರ ಜೊತೆ ನಾವೂ ಹೋಗಿದ್ದೆವು. ಡಾಕ್ಟರಿಗೆ ತೋರಿಸಿ, ಹೊರಗೆ ಬಂದು ಟೀ ಕುಡಿಯುವಾಗ ಅಜ್ಜ ಕೇಳಿದರು: "ಈ ರಾಜಾಜಿ ಅನ್ನೋನು ಯಾವ ಸೀಮೆ ರಾಜನಪ್ಪಾ?"

ನಗು ಬಂತು. ಆದರೆ ಪಕ್ಕದಲ್ಲೇ ನಿಂತಿದ್ದ ಅಲ್ಲಿನ ಹುಡುಗರನ್ನು ಕೇಳಿದರೆ ಅವರಿಗೂ ಉತ್ತರ ಗೊತ್ತಿರಲಿಲ್ಲ.

ರಾಜಾಜಿ ರಾಜ ಅಲ್ಲ. ಅವರು ಸಿ. ರಾಜಗೋಪಾಲಾಚಾರಿ. 1948ರಿಂದ 1950ರ ಜನವರಿ 26ರವರೆಗೆ ದೇಶದ ಗವರ್ನರ್ ಜನರಲ್ ಆಗಿದ್ದವರು. ಆ ಕುರ್ಚಿಯಲ್ಲಿ ಕೂತ ಒಬ್ಬನೇ ಭಾರತೀಯ. ಹುಟ್ಟಿದ್ದು ನಮ್ಮ ಗಡಿಯಾಚೆ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅವರು ಹುಟ್ಟಿದ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಉಳಿಸಿಕೊಂಡಿದೆ. ಹೆಸರು ಇಟ್ಟುಕೊಂಡ ಬಡಾವಣೆ ನಮ್ಮದು, ಮನೆ ಉಳಿಸಿಕೊಂಡವರು ಅವರು.

ಅದೇ ರಾಜಾಜಿನಗರದಲ್ಲಿ ಇನ್ನೊಬ್ಬರ ಹೆಸರೂ ಇದೆ. ಕೆಎಲ್‌ಇ ಸಂಸ್ಥೆಯ ಎಸ್. ನಿಜಲಿಂಗಪ್ಪ ಕಾಲೇಜು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದಿ ಬಂದಿದ್ದಾರೆ. ಇಬ್ಬರ ಹುಟ್ಟಿದ ದಿನವೂ ಒಂದೇ, ಡಿಸೆಂಬರ್ 10. ರಾಜಾಜಿ 1878ರಲ್ಲಿ, ನಿಜಲಿಂಗಪ್ಪ 1902ರಲ್ಲಿ. ಇಬ್ಬರೂ ಕಾಂಗ್ರೆಸ್ಸಿನಲ್ಲಿ ಬೆಳೆದು, ಕೊನೆಗೆ ಅದರ ಎದುರು ನಿಂತವರು.

ನಿಜಲಿಂಗಪ್ಪನವರ ಮನೆಯ ಕಥೆ ನಿಮಗೆ ಗೊತ್ತಿರಬಹುದು. ಚಿತ್ರದುರ್ಗದಲ್ಲಿರುವ ಆ ಮನೆಯನ್ನು ಸರ್ಕಾರ ಕೊಂಡು ಮ್ಯೂಸಿಯಂ ಮಾಡುತ್ತದೆ ಎಂಬ ಮಾತು ವರ್ಷಗಟ್ಟಲೆ ನಡೆಯಿತು. 2024ರ ಕೊನೆಗೆ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಹೊರಬಿತ್ತು. ಜನ ಬೇಜಾರು ಮಾಡಿಕೊಂಡರು. ಆಮೇಲೆ ಕೋಟಿಗಟ್ಟಲೆ ಕೊಟ್ಟು ಸರ್ಕಾರವೇ ಕೊಂಡಿತು. ಒಳ್ಳೆಯದಾಯಿತು. ಆದರೆ ಮನೆ ಕೊಂಡ ಮಾತ್ರಕ್ಕೆ ಮ್ಯೂಸಿಯಂ ಆಗುವುದಿಲ್ಲ. ನಮ್ಮ ತಕರಾರು ಇರುವುದು ಅಲ್ಲಿಂದ ಮುಂದಕ್ಕೆ.

ಆ ಮನೆಯಲ್ಲಿದ್ದವರು ಯಾರು? ಹಲುವಾಗಲು ಎಂಬ ಹಳ್ಳಿಯಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು. 1939ರಲ್ಲಿ ತುರುವನೂರಿನ ಈಚಲುಮರ ಸತ್ಯಾಗ್ರಹಕ್ಕೆ ಇಳಿದವರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅದರ ಮೊದಲ ಮುಖ್ಯಮಂತ್ರಿ. ಮತ್ತೆ 1962ರಿಂದ 1968ರವರೆಗೂ ಅವರೇ. ಆಮೇಲೆ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು. 1969ರ ನವೆಂಬರಿನಲ್ಲಿ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಎರಡು ಹೋಳಾಯಿತು. ಗೆದ್ದದ್ದು ಇಂದಿರಾ.

ದೆಹಲಿಯನ್ನೇ ಅಲುಗಾಡಿಸಿದ ಆ ಮನುಷ್ಯ ಕೊನೆಗೆ ವಾಪಸ್ ಬಂದದ್ದು ಚಿತ್ರದುರ್ಗಕ್ಕೆ. 2000ದ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 97 ವರ್ಷ. ಬಿಟ್ಟುಹೋದದ್ದು ಅರಮನೆಯಲ್ಲ, ಸಂಸಾರಸ್ಥರ ಮನೆ.

ಈಗ ನಮ್ಮೂರುಗಳನ್ನೇ ನೋಡಿ. ಒಂದು ಸಲ ಗೆದ್ದವರ ಮನೆ ಐದು ವರ್ಷದಲ್ಲಿ ಮೂರಂತಸ್ತು ಆಗುತ್ತದೆ. ಮುಂದೆ ಗ್ರಾನೈಟ್, ಗೇಟಿಗೆ ಸಿಂಹದ ಮುಖ. ಇದನ್ನೇ ನೋಡಿ ಬೆಳೆಯುವ ಮಕ್ಕಳಿಗೆ ಚಿತ್ರದುರ್ಗದ ಮನೆ ಪುಸ್ತಕಕ್ಕಿಂತ ದೊಡ್ಡ ಪಾಠ. ಹಾಗಾಗಿ ನಮ್ಮ ಮೊದಲ ಬೇಡಿಕೆ: ಆ ಮನೆಗೆ ಗ್ರಾನೈಟ್ ಹಾಕಬೇಡಿ, ಮುಂದೆ ಆಳೆತ್ತರದ ಕಮಾನು ಕಟ್ಟಬೇಡಿ. ಚಿಕ್ಕದಾಗಿರುವುದೇ ಅದರ ದೊಡ್ಡಸ್ತಿಕೆ.

ಎರಡನೆಯದು, ಕಾಯುವವರು ಬೇಕು. ಕುಪ್ಪಳಿಯ ಕವಿಮನೆ ನಾಡಿಗೇ ಮಾದರಿ. ಅಡುಗೆಮನೆಯ ಪಾತ್ರೆ ಪಡಗ ಸಮೇತ ಮಲೆನಾಡಿನ ಬದುಕು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅಂಥ ಕಡೆಯೂ 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಹೊತ್ತೊಯ್ದರು. ಉದ್ಘಾಟನೆಗೆ ದುಡ್ಡು ಹುಟ್ಟುತ್ತದೆ. ತಿಂಗಳು ತಿಂಗಳು ಕಾವಲುಗಾರನ ಸಂಬಳಕ್ಕೂ ಹುಟ್ಟಬೇಕು.

ಮೂರನೆಯದು, ಬಾಗಿಲು ತೆಗೆದಿರಬೇಕು. ಭಾನುವಾರ, ಹಬ್ಬದ ರಜೆ, ಹಳ್ಳಿ ಜನ ಪೇಟೆಗೆ ಬರುವ ದಿನವೇ ಬೀಗ ಬಿದ್ದರೆ ಮ್ಯೂಸಿಯಂ ಯಾರಿಗೆ? ಫಲಕಗಳು ಏಳನೇ ಕ್ಲಾಸಿನ ಹುಡುಗಿ ಓದಿ ತಿಳಿಯುವ ಕನ್ನಡದಲ್ಲಿರಲಿ. 1969ರ ಸೋಲನ್ನೂ ಮುಚ್ಚದೆ ಬರೆಯಲಿ. ಅವರನ್ನು ಕಣ್ಣಾರೆ ಕಂಡ ಹಿರಿಯರು ಚಿತ್ರದುರ್ಗ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಿಡಲಿ.

"ಕುಡಿಯೋಕೆ ನೀರಿಲ್ಲ, ಸತ್ತವರ ಮನೆಗೆ ಕೋಟಿ ಯಾಕೆ?" ಎಂದು ನಮ್ಮ ಓದುಗರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೀಗ ಹಾಕಿದ ಮ್ಯೂಸಿಯಂ ಆದರೆ ಆ ದುಡ್ಡು ದಂಡವೇ, ನಾವೂ ಒಪ್ಪುತ್ತೇವೆ. ಆದರೆ ಮನಸ್ಸು ಮಾಡಿದರೆ ಆಗುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ 'ಸನ್ನಿಸೈಡ್' ಮನೆಯಲ್ಲಿ ಒಂದು ಕಾಲಕ್ಕೆ ಆರ್‌ಟಿಒ ಕಚೇರಿ ಇತ್ತು. ಜನ ಅಲ್ಲಿಗೆ ಲೈಸೆನ್ಸ್‌ಗೆ ಹೋಗುತ್ತಿದ್ದರು. 2021ರ ಫೆಬ್ರವರಿಯಲ್ಲಿ ಅದೇ ಮನೆ ಮ್ಯೂಸಿಯಂ ಆಯಿತು. ಈಗ ಮಕ್ಕಳು ಹೋಗುತ್ತಾರೆ.

ಮೇಷ್ಟ್ರುಗಳಿಗೆ, ಎಸ್‌ಡಿಎಂಸಿಯವರಿಗೆ ಒಂದು ಮಾತು. ಚಿತ್ರದುರ್ಗದ ಕೋಟೆಗೆ ಪ್ರವಾಸ ಹೊರಟರೆ ಈ ಮನೆಯನ್ನೂ ಪಟ್ಟಿಗೆ ಸೇರಿಸಿ. ಬೀಗ ಹಾಕಿದ್ದರೆ ಫೋಟೊ ತೆಗೆದು ನಮಗೆ ಕಳಿಸಿ, ಪ್ರಕಟಿಸುತ್ತೇವೆ.

ನಮ್ಮಜ್ಜನಿಗೆ ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರ ಕಥೆಯನ್ನೂ ಹೇಳಿದೆವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೊಡ್ಡೋರ ಮನೆ ಒಂದ್ಸಲ ನೋಡ್ಬೇಕಲ್ಲಪ್ಪಾ" ಅಂದರು. ಕರೆದುಕೊಂಡು ಹೋಗುತ್ತೇವೆ ಎಂದು ಮಾತು ಕೊಟ್ಟಿದ್ದೇವೆ. ನಾವು ಹೋದ ದಿನ ಬಾಗಿಲು ತೆಗೆದಿರಲಿ.