ಕೆವಿನ್ ಎಸ್ತ್ರೆ

ಕೆವಿನ್ ಎಸ್ತ್ರೆ (ಜನನ: 28 ಅಕ್ಟೋಬರ್ 1988) ಫ್ರಾನ್ಸ್ ದೇಶದ ವೃತ್ತಿಪರ ಕಾರು ರೇಸಿಂಗ್ ಚಾಲಕ. ಲಿಯಾನ್ ನಗರದಲ್ಲಿ ಜನಿಸಿದ ಇವರು ಜರ್ಮನಿಯ ಪೋರ್ಷೆ ಸಂಸ್ಥೆಯ ಅಧಿಕೃತ ಚಾಲಕರಲ್ಲಿ ಒಬ್ಬರು. 2018-19ರ ಋತುವಿನಲ್ಲಿ ಎಫ್‌ಐಎ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ ಜಿಟಿ ಚಾಲಕರ ಪ್ರಶಸ್ತಿಯನ್ನೂ, 2024ರಲ್ಲಿ ಅದೇ ಚಾಂಪಿಯನ್‌ಶಿಪ್‌ನ ಅತ್ಯುನ್ನತ ವರ್ಗವಾದ ಹೈಪರ್‌ಕಾರ್ ಚಾಲಕರ ಪ್ರಶಸ್ತಿಯನ್ನೂ ಗೆದ್ದಿದ್ದಾರೆ. ಇವರು ಫಾರ್ಮುಲಾ 1ರಲ್ಲಿ ಎಂದೂ ಸ್ಪರ್ಧಿಸಿಲ್ಲ. ಏಕಾಸನ ಕಾರುಗಳ ಕಿರಿಯ ಸರಣಿಗಳನ್ನು ಬಿಟ್ಟು ಜಿಟಿ ಕಾರುಗಳ ಮೂಲಕ ವಿಶ್ವಮಟ್ಟಕ್ಕೆ ಏರಿದ ಇವರ ವೃತ್ತಿಜೀವನವು, ಹಣಬಲವಿಲ್ಲದ ಚಾಲಕನಿಗೆ ರೇಸಿಂಗ್‌ನಲ್ಲಿ ಯಾವ ದಾರಿಗಳು ತೆರೆದಿವೆ ಮತ್ತು ಆ ದಾರಿಗಳು ಯಾರ ಹಿಡಿತದಲ್ಲಿವೆ ಎಂಬುದಕ್ಕೆ ಒಂದು ಉದಾಹರಣೆಯಾಗಿದೆ.

ಹಿನ್ನೆಲೆ

ಯುರೋಪಿನಲ್ಲಿ ರೇಸಿಂಗ್ ಚಾಲಕನಾಗಬಯಸುವವರು ಸಾಮಾನ್ಯವಾಗಿ ಬಾಲ್ಯದಲ್ಲಿ ಕಾರ್ಟಿಂಗ್‌ನಿಂದ ಆರಂಭಿಸಿ, ನಂತರ ಏಕಾಸನ ಕಾರುಗಳ ಸರಣಿಗಳಿಗೆ ಏರುತ್ತಾರೆ. ಈಗಿನ ವ್ಯವಸ್ಥೆಯಲ್ಲಿ ಈ ಮೆಟ್ಟಿಲುಗಳು ಫಾರ್ಮುಲಾ 4, ಪ್ರಾದೇಶಿಕ ಫಾರ್ಮುಲಾ, ಫಾರ್ಮುಲಾ 3 ಮತ್ತು ಫಾರ್ಮುಲಾ 2 ಎಂದು ಕ್ರಮಬದ್ಧವಾಗಿವೆ. ಫಾರ್ಮುಲಾ 1ರಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್ ಪಡೆಯಬೇಕಾದರೆ ಇಂತಹ ಸರಣಿಗಳಲ್ಲಿ ಮೂರು ವರ್ಷಗಳ ಅವಧಿಯಲ್ಲಿ 40 ಅಂಕಗಳನ್ನು ಗಳಿಸಿರಬೇಕು.

ಈ ಏಣಿಯ ವಿಶೇಷವೆಂದರೆ, ಮೇಲೆ ಹೋದಂತೆ ಚಾಲಕನಿಗೆ ಸಂಬಳ ಸಿಗುವುದಿಲ್ಲ; ಬದಲಾಗಿ ಚಾಲಕನೇ ತಂಡಕ್ಕೆ ಹಣ ತರಬೇಕಾಗುತ್ತದೆ. ಫಾರ್ಮುಲಾ 2ರ ಒಂದು ಋತುವಿಗೆ ದಶಲಕ್ಷಗಳ ಲೆಕ್ಕದಲ್ಲಿ ಯೂರೋಗಳು ಬೇಕು. ಕುಟುಂಬದ ಸಂಪತ್ತು, ಪ್ರಾಯೋಜಕರು ಅಥವಾ ಯಾವುದಾದರೂ ಫಾರ್ಮುಲಾ 1 ತಂಡದ ತರಬೇತಿ ಯೋಜನೆ, ಈ ಮೂರರಲ್ಲಿ ಒಂದಾದರೂ ಬೆನ್ನಿಗಿಲ್ಲದಿದ್ದರೆ ಪ್ರತಿಭೆಯಿದ್ದರೂ ಏಣಿಯ ಮಧ್ಯದಲ್ಲೇ ನಿಲ್ಲಬೇಕಾಗುತ್ತದೆ. ಏಣಿಯ ತುದಿಯಲ್ಲಿರುವ ಸ್ಥಾನಗಳೂ ಕಡಿಮೆ: 2025ರವರೆಗೆ ಫಾರ್ಮುಲಾ 1ರಲ್ಲಿ ಕೇವಲ 20 ಚಾಲಕರಿಗೆ ಅವಕಾಶವಿತ್ತು, 2026ರಲ್ಲಿ ಕ್ಯಾಡಿಲ್ಯಾಕ್ ತಂಡದ ಪ್ರವೇಶದಿಂದ ಅದು 22ಕ್ಕೆ ಏರಿದೆ.

ಎಸ್ತ್ರೆ ಬೆಳೆದ ಕಾಲದಲ್ಲಿ ಫ್ರಾನ್ಸಿನಲ್ಲಿ ಈ ಮೆಟ್ಟಿಲುಗಳನ್ನು ಫಾರ್ಮುಲಾ ರೆನೋ ಸರಣಿಗಳು ಒದಗಿಸುತ್ತಿದ್ದವು. ಅದೇ ತಲೆಮಾರಿನ ಜೂಲ್ಸ್ ಬಿಯಾಂಕಿ 2007ರಲ್ಲಿ ಫ್ರೆಂಚ್ ಫಾರ್ಮುಲಾ ರೆನೋ ಚಾಂಪಿಯನ್ ಆಗಿ, ಮುಂದೆ ಫಾರ್ಮುಲಾ 1 ತಲುಪಿದರು. ಜಾನ್ ಎರಿಕ್ ವೆರ್ನ್ ಕೂಡ ರೆಡ್ ಬುಲ್ ಸಂಸ್ಥೆಯ ಬೆಂಬಲದಿಂದ 2012ರಲ್ಲಿ ಅಲ್ಲಿಗೆ ಏರಿದರು. ಎಸ್ತ್ರೆ ಕಾರ್ಟಿಂಗ್‌ನ ನಂತರ ಫಾರ್ಮುಲಾ ರೆನೋ ಕಾರುಗಳನ್ನು ಓಡಿಸಿದರೂ ಆ ದಾರಿಯಲ್ಲಿ ಮುಂದುವರಿಯಲಿಲ್ಲ.

ಪೋರ್ಷೆ ಕಪ್ ಸರಣಿಗಳು

ಎಸ್ತ್ರೆ ಆಯ್ದುಕೊಂಡದ್ದು ಪೋರ್ಷೆ ಕರೇರಾ ಕಪ್. ಇದು ಒಂದೇ ಮಾದರಿಯ ಕಾರುಗಳ ಸ್ಪರ್ಧೆ. ಎಲ್ಲರೂ 911 ಜಿಟಿ3 ಕಪ್ ಕಾರನ್ನೇ ಓಡಿಸುತ್ತಾರೆ. ಎಂಜಿನ್ ಹಿಂಭಾಗದಲ್ಲಿರುವ ಈ ಕಾರಿನಲ್ಲಿ ಆ ಕಾಲದಲ್ಲಿ ಚಕ್ರಗಳು ಬಿಗಿಹಿಡಿಯದಂತೆ ತಡೆಯುವ ಎಬಿಎಸ್ ಆಗಲಿ, ಜಾರುವಿಕೆಯನ್ನು ನಿಯಂತ್ರಿಸುವ ವಿದ್ಯುನ್ಮಾನ ಸಾಧನವಾಗಲಿ ಇರಲಿಲ್ಲ. ಬ್ರೇಕ್ ಒತ್ತುವ ಮತ್ತು ತಿರುವಿನಿಂದ ಹೊರಬರುವಾಗ ವೇಗ ಹೆಚ್ಚಿಸುವ ಕೌಶಲ್ಯವನ್ನು ಚಾಲಕನು ತನ್ನ ಕೈಕಾಲುಗಳಿಂದಲೇ ಕಲಿಯಬೇಕಿತ್ತು. ಕಾರುಗಳು ಸಮಾನವಾದ್ದರಿಂದ ಚಾಲಕರ ನಡುವಿನ ವ್ಯತ್ಯಾಸವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಎಸ್ತ್ರೆ 2011ರಲ್ಲಿ ಕರೇರಾ ಕಪ್ ಫ್ರಾನ್ಸ್ ಪ್ರಶಸ್ತಿಯನ್ನೂ, 2013ರಲ್ಲಿ ಹೆಚ್ಚು ಕಠಿಣವೆನಿಸಿದ ಕರೇರಾ ಕಪ್ ಜರ್ಮನಿ ಪ್ರಶಸ್ತಿಯನ್ನೂ ಗೆದ್ದರು. ಫಾರ್ಮುಲಾ 1 ವಾರಾಂತ್ಯಗಳಲ್ಲಿ ನಡೆಯುವ ಪೋರ್ಷೆ ಸೂಪರ್‌ಕಪ್‌ನಲ್ಲಿಯೂ ಇದೇ ವರ್ಷಗಳಲ್ಲಿ ಸ್ಪರ್ಧಿಸಿದರು.

ಏಕಾಸನ ಸರಣಿಗಳಿಗೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸವು ಪರೀಕ್ಷಕರಲ್ಲಿದೆ. ಕಪ್ ಸರಣಿಯನ್ನು ನಡೆಸುವುದು ಕಾರು ತಯಾರಕ ಸಂಸ್ಥೆಯೇ. ಅದಕ್ಕೆ ಜಗತ್ತಿನಾದ್ಯಂತ ತನ್ನ ಜಿಟಿ ಕಾರುಗಳನ್ನು ಓಡಿಸಲು ಸಂಬಳದ ಚಾಲಕರು ಬೇಕು. ಹೀಗಾಗಿ ಗೆದ್ದವನ ಮುಂದೆ ಇನ್ನೊಂದು ದುಬಾರಿ ಮೆಟ್ಟಿಲಿನ ಬದಲು ಒಂದು ಉದ್ಯೋಗದ ಸಾಧ್ಯತೆ ಇರುತ್ತದೆ. ಎಸ್ತ್ರೆಯ ನಂತರ 2016ರಲ್ಲಿ ಕರೇರಾ ಕಪ್ ಫ್ರಾನ್ಸ್ ಗೆದ್ದ ಮಾಥ್ಯೂ ಜಮಿನೆ ಹಾಗೂ 2017ರಲ್ಲಿ ಗೆದ್ದ ಜೂಲಿಯೆನ್ ಆಂಡ್ಲೋವರ್ ಇಬ್ಬರೂ ಪೋರ್ಷೆಯ ಅಧಿಕೃತ ಚಾಲಕರಾಗಿ, ಮುಂದೆ ಪ್ರೋಟೋಟೈಪ್ ಕಾರುಗಳಿಗೆ ಬಡ್ತಿ ಪಡೆದರು. ಹಾಗೆಂದು ಈ ಸರಣಿಗಳು ಅಗ್ಗವೇನಲ್ಲ. ಪ್ರಾಯೋಜಕರಿಲ್ಲದೆ ಇಲ್ಲಿಯೂ ಪ್ರವೇಶ ಕಷ್ಟ. ಆದರೆ ಹಣ ಹೂಡಬೇಕಾದ ವರ್ಷಗಳು ಕಡಿಮೆ, ಕೊನೆಯಲ್ಲಿರುವ ಸ್ಥಾನಗಳು ಹೆಚ್ಚು.

ಮೆಕ್‌ಲಾರೆನ್ ಅವಧಿ

ಎಸ್ತ್ರೆಗೆ ಮೊದಲು ಕಾರ್ಖಾನೆ ಚಾಲಕನ ಸ್ಥಾನ ಕೊಟ್ಟದ್ದು ಪೋರ್ಷೆಯಲ್ಲ, ಬ್ರಿಟನ್ನಿನ ಮೆಕ್‌ಲಾರೆನ್. ಆ ಸಂಸ್ಥೆಯು ಆಗ ಜಿಟಿ3 ಕಾರುಗಳನ್ನು ತಯಾರಿಸಿ ಖಾಸಗಿ ತಂಡಗಳಿಗೆ ಮಾರುತ್ತಿತ್ತು. ಅವುಗಳನ್ನು ಅಭಿವೃದ್ಧಿಪಡಿಸಲು ಮತ್ತು ಗಿರಾಕಿ ತಂಡಗಳಲ್ಲಿ ಓಡಿಸಲು ನುರಿತ ಚಾಲಕರು ಬೇಕಾಗಿದ್ದರು. 2014ರ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ಓಟದಲ್ಲಿ ಎಸ್ತ್ರೆ ಡೋರ್ ಮೋಟರ್‌ಸ್ಪೋರ್ಟ್ ತಂಡದ ಮೆಕ್‌ಲಾರೆನ್ ಕಾರಿಗೆ ಪೋಲ್ ಸ್ಥಾನ ದೊರಕಿಸಿದರು. ಸುಮಾರು 25 ಕಿಲೋಮೀಟರ್ ಉದ್ದದ ಸುತ್ತನ್ನು 8 ನಿಮಿಷ 11 ಸೆಕೆಂಡುಗಳೊಳಗೆ ಮುಗಿಸಿದ ಆ ಸಾಧನೆಯು ಜರ್ಮನ್ ತಯಾರಕರ ಕಾರುಗಳೇ ಮೆರೆಯುವ ಸ್ಪರ್ಧೆಯಲ್ಲಿ ಗಮನ ಸೆಳೆಯಿತು. 2015ರಲ್ಲಿ ಅವರು ಅಮೆರಿಕದ ಕೆ-ಪ್ಯಾಕ್ಸ್ ರೇಸಿಂಗ್ ತಂಡದೊಂದಿಗೆ ಪಿರೆಲಿ ವರ್ಲ್ಡ್ ಚಾಲೆಂಜ್ ಸರಣಿಯಲ್ಲಿ ಸ್ಪರ್ಧಿಸಿದರು. 2016ರಲ್ಲಿ ಪೋರ್ಷೆಯ ಕಾರ್ಖಾನೆ ಚಾಲಕರಾದರು.

ಜಿಟಿ ವರ್ಗದಲ್ಲಿ ಸಾಧನೆಗಳು

ಲೆ ಮಾನ್ಸ್ ಮತ್ತು ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನಲ್ಲಿ ಆಗ ಜಿಟಿಇ ಪ್ರೊ ಎಂಬ ವರ್ಗವಿತ್ತು. ಫೆರಾರಿ, ಆಸ್ಟನ್ ಮಾರ್ಟಿನ್, ಫೋರ್ಡ್, ಪೋರ್ಷೆ ಮೊದಲಾದ ತಯಾರಕರು ಪೂರ್ಣ ವೃತ್ತಿಪರ ಚಾಲಕರೊಂದಿಗೆ ನೇರವಾಗಿ ಸೆಣಸುತ್ತಿದ್ದ ವರ್ಗವದು. ಪೋರ್ಷೆ 2017ರಲ್ಲಿ ಎಂಜಿನ್ನನ್ನು ಹಿಂದಿನ ಅಚ್ಚಿನ ಮುಂದಕ್ಕೆ ಸರಿಸಿದ ಹೊಸ 911 ಆರ್‌ಎಸ್‌ಆರ್ ಕಾರನ್ನು ತಂದಿತು. ಎಸ್ತ್ರೆ ಡೆನ್ಮಾರ್ಕಿನ ಮೈಕೆಲ್ ಕ್ರಿಸ್ಟೆನ್ಸೆನ್ ಜೊತೆ 92ನೇ ಸಂಖ್ಯೆಯ ಕಾರನ್ನು ಓಡಿಸಿದರು.

2018ರ ಲೆ ಮಾನ್ಸ್ ಓಟದಲ್ಲಿ ಈ ಜೋಡಿ ಬೆಲ್ಜಿಯಂನ ಲಾರೆನ್ಸ್ ವಾಂತೂರ್ ಜೊತೆಗೂಡಿ ಜಿಟಿಇ ಪ್ರೊ ವರ್ಗವನ್ನು ಗೆದ್ದಿತು. ಕಾರಿಗೆ ಗುಲಾಬಿ ಬಣ್ಣ ಬಳಿದು, ಕಸಾಯಿಖಾನೆಯ ಚಿತ್ರಪಟದಂತೆ ಹಂದಿಯ ಮಾಂಸದ ಭಾಗಗಳನ್ನು ಗುರುತಿಸಲಾಗಿತ್ತು. ಇದು 1971ರಲ್ಲಿ ಲೆ ಮಾನ್ಸ್‌ನಲ್ಲಿ ಓಟ ಮುಗಿಸಲಾಗದೆ ಹೋದ ಪೋರ್ಷೆ 917/20 ಕಾರಿನ ವಿನ್ಯಾಸದ ಪುನರ್‌ಸೃಷ್ಟಿ. ಒಂದು ವರ್ಷದ ನಂತರ, 2019ರ ಜೂನ್‌ನಲ್ಲಿ ಅದೇ ಲೆ ಮಾನ್ಸ್‌ನಲ್ಲಿ ಎಸ್ತ್ರೆ ಮತ್ತು ಕ್ರಿಸ್ಟೆನ್ಸೆನ್ ಜಿಟಿ ಚಾಲಕರ ವಿಶ್ವ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡರು. ಆ ಬೇಸಿಗೆಯಲ್ಲೇ ಇಬ್ಬರೂ ಆಸ್ಟ್ರಿಯಾದ ರಿಚರ್ಡ್ ಲೀಟ್ಸ್ ಜೊತೆ ಸ್ಪಾ 24 ಗಂಟೆಗಳ ಓಟವನ್ನು ಜಿಪಿಎಕ್ಸ್ ರೇಸಿಂಗ್ ತಂಡಕ್ಕಾಗಿ ಗೆದ್ದರು. 2021ರಲ್ಲಿ ಮಾಂಟೈ ತಂಡದ 911 ಕಾರಿನಲ್ಲಿ ಕ್ರಿಸ್ಟೆನ್ಸೆನ್ ಮತ್ತು ಮಟ್ಟೆಯೊ ಕೈರೊಲಿ ಅವರೊಡನೆ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ಓಟವನ್ನೂ ಗೆದ್ದರು. ಮಂಜಿನಿಂದಾಗಿ ಓಟವು ರಾತ್ರಿಯಿಡೀ ನಿಂತಿದ್ದರಿಂದ ಅದು ಅಲ್ಲಿಯವರೆಗಿನ ಅತ್ಯಂತ ಕಡಿಮೆ ದೂರದ ಆವೃತ್ತಿಯಾಯಿತು.

2021ರ ಬಹ್ರೇನ್ ವಿವಾದ

2021ರ ಜಿಟಿ ಪ್ರಶಸ್ತಿಗಾಗಿ ಎಸ್ತ್ರೆ ಮತ್ತು ನೀಲ್ ಯಾನಿ ಒಂದು ಕಡೆ, ಫೆರಾರಿಯ ಅಲೆಸ್ಸಾಂಡ್ರೊ ಪಿಯೆರ್ ಗ್ವಿಡಿ ಮತ್ತು ಜೇಮ್ಸ್ ಕಲಾಡೊ ಇನ್ನೊಂದು ಕಡೆ ನಿಂತು, ಸ್ಪರ್ಧೆ ಬಹ್ರೇನ್‌ನ ಕೊನೆಯ ಓಟದವರೆಗೂ ಸಾಗಿತು. ಅಂತಿಮ ನಿಮಿಷಗಳಲ್ಲಿ ಪಿಯೆರ್ ಗ್ವಿಡಿಯ ಫೆರಾರಿ, ಮುಂದೆ ಸಾಗುತ್ತಿದ್ದ ಪೋರ್ಷೆಯ ಹಿಂಭಾಗಕ್ಕೆ ತಾಗಿತು. ಆಗ ಪೋರ್ಷೆಯನ್ನು ಓಡಿಸುತ್ತಿದ್ದವರು ಆ ಓಟಕ್ಕೆ ಮೂರನೆಯ ಚಾಲಕರಾಗಿದ್ದ ಕ್ರಿಸ್ಟೆನ್ಸೆನ್. ಕಾರು ಗಿರಕಿ ಹೊಡೆದು ಸ್ಥಾನ ಕಳೆದುಕೊಂಡಿತು. ಸ್ಥಾನವನ್ನು ಮರಳಿಸುವಂತೆ ರೇಸ್ ನಿರ್ದೇಶಕರು ಫೆರಾರಿಗೆ ಮೊದಲು ಸೂಚಿಸಿದರಾದರೂ, ಅಷ್ಟರಲ್ಲಿ ಪೋರ್ಷೆ ಇಂಧನಕ್ಕಾಗಿ ಪಿಟ್‌ಗೆ ತೆರಳಿತ್ತು. ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು, ಪ್ರಶಸ್ತಿ ಫೆರಾರಿಯ ಪಾಲಾಯಿತು. ಪೋರ್ಷೆಯ ಪ್ರತಿಭಟನೆ ಫಲಿಸಲಿಲ್ಲ. ಮೈದಾನದ ಮೇಲಿನ ತೀರ್ಪು ಒಂದು ಋತುವಿನ ಫಲವನ್ನೇ ನಿರ್ಧರಿಸಬಲ್ಲದು ಎಂಬ ಚರ್ಚೆಗೆ ಈ ಘಟನೆ ಕಾರಣವಾಯಿತು.

ಹೈಪರ್‌ಕಾರ್ ವರ್ಗಕ್ಕೆ ಬಡ್ತಿ

ತಯಾರಕರು ಒಬ್ಬೊಬ್ಬರಾಗಿ ಹಿಂದೆ ಸರಿದುದರಿಂದ ಜಿಟಿಇ ಪ್ರೊ ವರ್ಗವು 2022ರ ಅಂತ್ಯಕ್ಕೆ ರದ್ದಾಯಿತು. 2024ರಲ್ಲಿ ಆರಂಭವಾದ ಎಲ್‌ಎಂಜಿಟಿ3 ವರ್ಗದಲ್ಲಿ ಪ್ರತಿ ಕಾರಿನಲ್ಲೂ ಕಂಚು ಶ್ರೇಣಿಯ ಒಬ್ಬ ಹವ್ಯಾಸಿ ಚಾಲಕನಿರುವುದು ಕಡ್ಡಾಯ. ಖರ್ಚಿನ ದೊಡ್ಡ ಪಾಲನ್ನು ಅನೇಕ ತಂಡಗಳಲ್ಲಿ ಆ ಹವ್ಯಾಸಿ ಚಾಲಕನೇ ಭರಿಸುತ್ತಾನೆ. ಹೀಗೆ ಕೇವಲ ವೃತ್ತಿಪರ ಚಾಲಕರು ಜಿಟಿ ಕಾರಿನಲ್ಲಿ ವಿಶ್ವ ಪ್ರಶಸ್ತಿಗೆ ಸೆಣಸುವ ಅವಕಾಶವೇ ಈ ಚಾಂಪಿಯನ್‌ಶಿಪ್‌ನಿಂದ ಇಲ್ಲವಾಯಿತು.

ಅದೇ ಸಮಯದಲ್ಲಿ ಪೋರ್ಷೆಯು ಪೆನ್ಸ್ಕೆ ತಂಡದ ಸಹಯೋಗದಲ್ಲಿ 963 ಎಂಬ ಪ್ರೋಟೋಟೈಪ್ ಕಾರಿನೊಂದಿಗೆ ಅತ್ಯುನ್ನತ ವರ್ಗಕ್ಕೆ ಮರಳಿತು. 4.6 ಲೀಟರ್ ವಿ8 ಎಂಜಿನ್ ಮತ್ತು ಹೈಬ್ರಿಡ್ ವ್ಯವಸ್ಥೆ ಹೊಂದಿರುವ ಈ ಕಾರಿಗೆ ಎಸ್ತ್ರೆ, ವಾಂತೂರ್ ಮತ್ತು ಮೂರು ಬಾರಿ ಲೆ ಮಾನ್ಸ್ ಗೆದ್ದಿದ್ದ ಆಂಡ್ರೆ ಲೊಟ್ಟರರ್ ನೇಮಕಗೊಂಡರು. 2023ರಲ್ಲಿ ಒಂದೂ ಗೆಲುವು ದೊರೆಯಲಿಲ್ಲ. 2024ರಲ್ಲಿ ಮೂವರೂ ಕತಾರ್‌ನ ಆರಂಭಿಕ ಓಟವನ್ನೂ ಫ್ಯೂಜಿಯ ಓಟವನ್ನೂ ಗೆದ್ದು, ನವೆಂಬರ್ 2ರಂದು ಬಹ್ರೇನ್‌ನಲ್ಲಿ ಚಾಲಕರ ವಿಶ್ವ ಪ್ರಶಸ್ತಿ ಪಡೆದರು. ತಯಾರಕರ ಪ್ರಶಸ್ತಿ ಮಾತ್ರ ಟೊಯೋಟಾಗೆ ಹೋಯಿತು.

ಫಾರ್ಮುಲಾ 1 ತಲುಪಿದ್ದ ವೆರ್ನ್ ಆ ವರ್ಷ ಇದೇ ವರ್ಗದಲ್ಲಿ ಪ್ಯೂಜೊ ಕಾರನ್ನು ಓಡಿಸುತ್ತಿದ್ದರು. ಒಂದೇ ತಲೆಮಾರಿನ ಇಬ್ಬರು ಫ್ರೆಂಚ್ ಚಾಲಕರು ಬೇರೆಬೇರೆ ಏಣಿಗಳನ್ನು ಹತ್ತಿ ಒಂದೇ ಅಂಗಳಕ್ಕೆ ಬಂದು ಸೇರಿದ್ದರು. 2025ರಲ್ಲಿ ಹೈಪರ್‌ಕಾರ್ ಪ್ರಶಸ್ತಿ ಗೆದ್ದ ಫೆರಾರಿಯ ಮೂವರಲ್ಲಿಯೂ ಪಿಯೆರ್ ಗ್ವಿಡಿ ಮತ್ತು ಕಲಾಡೊ ಜಿಟಿ ವರ್ಗದ ಮಾಜಿ ವಿಶ್ವ ಚಾಂಪಿಯನ್ನರು. ಆಂಟೋನಿಯೊ ಜೊವಿನಾಝಿ ಫಾರ್ಮುಲಾ 1ರಿಂದ ಬಂದವರು. ಕಾರನ್ನು ಸಹಚಾಲಕರೊಂದಿಗೆ ಹಂಚಿಕೊಳ್ಳುವುದು, ನಿಧಾನಗತಿಯ ಕಾರುಗಳ ನಡುವೆ ರಾತ್ರಿಯಲ್ಲಿ ದಾರಿ ಮಾಡಿಕೊಳ್ಳುವುದು, ಟೈರುಗಳನ್ನು ಉಳಿಸುವುದು ಮುಂತಾಗಿ ಜಿಟಿ ಓಟಗಳಲ್ಲಿ ಕಲಿತ ವಿದ್ಯೆಗಳು ಹೈಪರ್‌ಕಾರ್‌ನಲ್ಲಿಯೂ ಬೆಲೆಯುಳ್ಳವು ಎಂಬುದನ್ನು ಈ ಫಲಿತಾಂಶಗಳು ತೋರಿಸುತ್ತವೆ.

2025ರ ಋತು

2025ರ ಲೆ ಮಾನ್ಸ್‌ನಲ್ಲಿ ಎಸ್ತ್ರೆ, ವಾಂತೂರ್ ಮತ್ತು ಮ್ಯಾಟ್ ಕ್ಯಾಂಪ್‌ಬೆಲ್ ಓಡಿಸಿದ 6ನೇ ಸಂಖ್ಯೆಯ ಕಾರು, ನಿಗದಿತ ಕನಿಷ್ಠ ತೂಕಕ್ಕಿಂತ ಹಗುರವಾಗಿದ್ದ ಕಾರಣ ಅರ್ಹತಾ ಸುತ್ತಿನಿಂದ ಅನರ್ಹಗೊಂಡು ಹೈಪರ್‌ಕಾರ್ ವರ್ಗದ ಕೊನೆಯ ಸ್ಥಾನದಿಂದ ಹೊರಟಿತು. ಆದರೂ 387 ಸುತ್ತುಗಳ ನಂತರ ಫೆರಾರಿಗಿಂತ ಕೇವಲ 14.084 ಸೆಕೆಂಡುಗಳಷ್ಟು ಹಿಂದೆ, ಎರಡನೆಯ ಸ್ಥಾನದಲ್ಲಿ ಓಟ ಮುಗಿಸಿತು. ಪೋರ್ಷೆಯ 20ನೇ ಲೆ ಮಾನ್ಸ್ ವಿಜಯ ಅಷ್ಟರಲ್ಲಿ ತಪ್ಪಿತು.

ಅದೇ ತಿಂಗಳು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮಾಂಟೈ ತಂಡದ ಪೋರ್ಷೆ ಮೊದಲನೆಯದಾಗಿ ಗೆರೆ ದಾಟಿದರೂ ಗೆಲುವು ಸಿಗಲಿಲ್ಲ. ಎಸ್ತ್ರೆ ಓಡಿಸುತ್ತಿದ್ದಾಗ ನಿಧಾನಗತಿಯ ಆಸ್ಟನ್ ಮಾರ್ಟಿನ್ ಕಾರೊಂದಕ್ಕೆ ತಾಗಿ ಆ ಕಾರು ಉರುಳಿದ್ದಕ್ಕಾಗಿ 100 ಸೆಕೆಂಡುಗಳ ದಂಡ ವಿಧಿಸಲಾಗಿತ್ತು. ವಿಜಯ ಬಿಎಂಡಬ್ಲ್ಯು ಪಾಲಾಯಿತು. ದಟ್ಟಣೆಯ ನಡುವೆ ಕಾಯದೆ ನುಗ್ಗುವ ಶೈಲಿಯೇ ಎಸ್ತ್ರೆಗೆ ಅಭಿಮಾನಿಗಳನ್ನು ತಂದುಕೊಟ್ಟಿದೆ. ಆದರೆ ಹವ್ಯಾಸಿಗಳೂ ವೃತ್ತಿಪರರೂ ಒಂದೇ ಹಾದಿಯಲ್ಲಿ ಓಡುವ ಸ್ಪರ್ಧೆಯಲ್ಲಿ ಆ ಶೈಲಿಯ ಬೆಲೆಯನ್ನು ಕೆಲವೊಮ್ಮೆ ಇತರರೂ ತೆರಬೇಕಾಗುತ್ತದೆ ಎಂಬುದನ್ನು ಈ ಪ್ರಸಂಗ ನೆನಪಿಸಿತು.

ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮಳೆಯ ನಡುವೆ ಗೆದ್ದ ಓಟವು ಆ ಋತುವಿನಲ್ಲಿ 963ರ ಏಕೈಕ ವಿಶ್ವ ಚಾಂಪಿಯನ್‌ಶಿಪ್ ಗೆಲುವಾಯಿತು.

ಪೋರ್ಷೆಯ ನಿರ್ಗಮನ ಮತ್ತು ಪರಿಣಾಮ

2025ರ ಅಕ್ಟೋಬರ್‌ನಲ್ಲಿ ಪೋರ್ಷೆಯು ಋತುವಿನ ಅಂತ್ಯಕ್ಕೆ ವಿಶ್ವ ಚಾಂಪಿಯನ್‌ಶಿಪ್‌ನ ಹೈಪರ್‌ಕಾರ್ ವರ್ಗದಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. ಚೀನಾದಲ್ಲಿ ಕುಸಿದ ಮಾರಾಟ ಮತ್ತು ವಿದ್ಯುತ್ ಕಾರುಗಳ ಯೋಜನೆಯ ಮರುಪರಿಶೀಲನೆಯಿಂದ ಸಂಸ್ಥೆ ಆರ್ಥಿಕ ಒತ್ತಡದಲ್ಲಿದ್ದ ಸಮಯವದು. ಅಮೆರಿಕದ ಐಎಂಎಸ್‌ಎ ಸರಣಿ ಮತ್ತು ಫಾರ್ಮುಲಾ ಇಯಲ್ಲಿ ಮುಂದುವರಿಯುವ ನಿರ್ಧಾರದಂತೆ, 2026ಕ್ಕೆ ಎಸ್ತ್ರೆ ಮತ್ತು ವಾಂತೂರ್ ಐಎಂಎಸ್‌ಎ ಸರಣಿಯ ತಂಡಕ್ಕೆ ವರ್ಗಾವಣೆಗೊಂಡರು.

ಕಪ್ ಸರಣಿಯಿಂದ ಕಾರ್ಖಾನೆ ತಂಡಕ್ಕೆ, ಜಿಟಿಯಿಂದ ಪ್ರೋಟೋಟೈಪ್‌ಗೆ, ಯುರೋಪಿನಿಂದ ಅಮೆರಿಕಕ್ಕೆ ಎಂಬ ಎಸ್ತ್ರೆಯ ವೃತ್ತಿಜೀವನದ ತಿರುವುಗಳಲ್ಲಿ ಮೊದಲನೆಯದು ಅವರ ಗೆಲುವುಗಳಿಂದ ಬಂದದ್ದು; ಉಳಿದೆರಡಕ್ಕೂ ತಯಾರಕರ ಮತ್ತು ನಿಯಮ ರೂಪಿಸುವವರ ತೀರ್ಮಾನಗಳು ಕಾರಣ. ಏಕಾಸನ ಸರಣಿಗಳಲ್ಲಿ ಚಾಲಕನ ಭವಿಷ್ಯವು ಅವನು ತರುವ ಹಣಕ್ಕೆ ಕಟ್ಟುಬಿದ್ದಿದ್ದರೆ, ಜಿಟಿ ಸರಣಿಗಳಲ್ಲಿ ಅದು ಕಾರು ಮಾರುವ ಸಂಸ್ಥೆಯ ಲಾಭನಷ್ಟಕ್ಕೆ ಕಟ್ಟುಬಿದ್ದಿದೆ. ಎರಡನೆಯ ದಾರಿಯಲ್ಲಿ ಪ್ರತಿಭೆಗೆ ಸಂಬಳ ದೊರೆಯುತ್ತದೆ, ವೃತ್ತಿ ದೀರ್ಘಕಾಲ ಬಾಳುತ್ತದೆ. ಎಸ್ತ್ರೆ ತಮ್ಮ 36ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದದ್ದೇ ಇದಕ್ಕೆ ಸಾಕ್ಷಿ. ಆದರೆ ವಿಶ್ವ ಪ್ರಶಸ್ತಿಯು ಚಾಲಕನಿಗೆ ಮುಂದಿನ ವರ್ಷದ ಸ್ಪರ್ಧೆಯನ್ನು ಆಯ್ಕೆ ಮಾಡುವ ಹಕ್ಕನ್ನು ಕೊಡುವುದಿಲ್ಲ. ಲೆ ಮಾನ್ಸ್ ಓಟದ ಒಟ್ಟಾರೆ ವಿಜಯ ಎಸ್ತ್ರೆಯ ಪಾಲಿಗೆ ಇನ್ನೂ ಬಾಕಿಯಿದೆ.