ಮೊದಲ ವೇಷ ಯಾರದು? ವಿದ್ಯಾರ್ಥಿ ಮೇಳಗಳ ಹಿಮ್ಮೇಳದ ಪ್ರಶ್ನೆ

ವಿದ್ಯಾರ್ಥಿಗಳೇ ಕಟ್ಟಿ ನಡೆಸುವ ಒಪೆರಾ ಮಂಡಳಿಗಳು ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಉಂಟು. ನಮ್ಮಲ್ಲಿ ಅವುಗಳಿಗೆ ಸಮೀಪವಾದುದನ್ನು ಹುಡುಕಿದರೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಂತಹ ಗೀತನಾಟಕಗಳು ನೆನಪಾಗುತ್ತವೆ. ಆದರೆ ಹಾಡು, ವಾದ್ಯ, ಕುಣಿತ, ಮಾತು ಒಂದಾಗಿ ಇಂದಿಗೂ ಊರೂರಿನಲ್ಲಿ ಬದುಕಿರುವ ರೂಪ ಯಕ್ಷಗಾನವೇ. ಆದುದರಿಂದ ಕಾಲೇಜುಗಳ ಯಕ್ಷಗಾನ ತಂಡಗಳೇ ನಮ್ಮ ವಿದ್ಯಾರ್ಥಿ ಒಪೆರಾಗಳು.

ಈ ತಂಡಗಳಿಗೆ ಸಂಸ್ಥೆಗಳ ಬಲವೂ ಇದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ರಂಗಶಿಕ್ಷಣ ಕೇಂದ್ರವನ್ನು ತೆರೆದರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಯಕ್ಷಗಾನಕ್ಕೆಂದೇ ಅಧ್ಯಯನ ಕೇಂದ್ರವಿದೆ. ಆದರೂ ಯುವಜನೋತ್ಸವದ ಸ್ಪರ್ಧೆಗೆ ಸಿದ್ಧವಾಗುವ ಬಹುತೇಕ ತಂಡಗಳಲ್ಲಿ ವಿದ್ಯಾರ್ಥಿಗಳು ಕಟ್ಟುವುದು ಗೆಜ್ಜೆಯನ್ನು ಮಾತ್ರ. ಭಾಗವತರು, ಮದ್ದಳೆ ಮತ್ತು ಚಂಡೆಯವರು ಹೊರಗಿನಿಂದ ಬರುತ್ತಾರೆ. ಭಾಗವತನೇ ಮೊದಲ ವೇಷ ಎಂಬುದು ರಂಗದ ಹಳೆಯ ಮಾತು. ಮೊದಲ ವೇಷವನ್ನೇ ಎರವಲು ತಂದ ಮೇಳವನ್ನು ವಿದ್ಯಾರ್ಥಿಗಳದೆಂದು ಹೇಗೆ ಕರೆಯುವುದು?

ಇದು ಕೇವಲ ಕಲಾವಿದರ ಚಿಂತೆಯಲ್ಲ, ಸಾಹಿತ್ಯಾಭ್ಯಾಸಿಗಳದೂ ಹೌದು. ಪ್ರಸಂಗಗಳಲ್ಲಿ ಕಂದ, ದ್ವಿಪದಿ, ಭಾಮಿನಿ, ವಾರ್ಧಕಗಳು ತಾಳಕ್ಕೆ ಹೊಂದಿ ನಡೆಯುತ್ತವೆ. ತರಗತಿಯಲ್ಲಿ ಮಾತ್ರಾಗಣಗಳಿಗೆ ಗೆರೆ ಎಳೆದು ಅಂಕ ಪಡೆಯುವ ವಿದ್ಯಾರ್ಥಿಗೆ ಆ ಛಂದಸ್ಸಿನ ನಡೆ ಕಿವಿಗೆ ಬೀಳುವುದೇ ಇಲ್ಲ. ರತ್ನಾಕರವರ್ಣಿಯ ‘ಭರತೇಶ ವೈಭವ’ ಹಾಡುಗಬ್ಬ. ಅದರ ಪೂರ್ವನಾಟಕ, ಉತ್ತರನಾಟಕ ಸಂಧಿಗಳ ವಸ್ತುವೇ ನೃತ್ಯ. ಸಾಂಗತ್ಯದ ಒಂದು ಪದ್ಯವನ್ನೂ ಹಾಡಲಾರದವನು ಅದರ ಮೇಲೆ ಪ್ರಬಂಧ ಬರೆಯುವುದು ಇಂದಿನ ಸಂಶೋಧನೆಯ ಸಾಮಾನ್ಯ ಸ್ಥಿತಿ. ಹಿಮ್ಮೇಳದ ಅಭ್ಯಾಸ ಈ ಕೊರತೆಯನ್ನು ನೀಗಬಲ್ಲದು.

ಮೂರು ವರ್ಷದ ಪದವಿಯಲ್ಲಿ ಭಾಗವತಿಕೆ ಕೈಗೂಡದು ಎಂಬ ಆಕ್ಷೇಪವುಂಟು. ವೃತ್ತಿಮೇಳದ ಭಾಗವತನಾಗಲು ಅಷ್ಟು ಕಾಲ ಸಾಲದು, ನಿಜ. ಆದರೆ ಒಂದು ಗಂಟೆಯ ಪ್ರಸಂಗದ ಪದ್ಯಗಳನ್ನು ತಾಳ ತಪ್ಪದೆ ಹಾಡಲು ಸಾಕು. ದಾಸನಕೊಪ್ಪ, ಬನವಾಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದ ಕಾಲೇಜಿಗೆ ಬರುವ ಎಷ್ಟೋ ಮಕ್ಕಳು ಬಡಗುತಿಟ್ಟಿನ ಪದಗಳನ್ನು ಬಾಲ್ಯದಿಂದಲೇ ಕೇಳಿದವರು. ಅವರ ಕೈಗೆ ತಾಳ ಕೊಡುವವರು ಬೇಕಷ್ಟೆ. ಹೊರಗಿನಿಂದ ಬರುವ ಭಾಗವತರು ಒಂದು ರಾತ್ರಿ ಹಾಡಿ ಹೋಗುವ ಬದಲು ವರ್ಷವಿಡೀ ಕಲಿಸಲಿ. ಸ್ಪರ್ಧೆಯ ನಿಯಮಗಳು ವಿದ್ಯಾರ್ಥಿ ಹಿಮ್ಮೇಳಕ್ಕೆ ಪ್ರತ್ಯೇಕ ಅಂಕ ನೀಡಲಿ.

ಪಂಪನ ‘ಆದಿಪುರಾಣ’ದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ಸಭೆಗೆ ತಿಳಿಯದ ಆ ಬದಲಾವಣೆ ವೃಷಭನಾಥನ ಅರಿವಿಗೆ ಬಂದು ಅವನ ವೈರಾಗ್ಯಕ್ಕೆ ಕಾರಣವಾಗುತ್ತದೆ. ವಿದ್ಯಾರ್ಥಿ ಮೇಳದ ಆಯುಷ್ಯವೂ ಅಂಥದೇ. ಕಲಿತವರು ಮೂರನೆಯ ವರ್ಷ ಮುಗಿಯುತ್ತಲೇ ಹೊರಡುತ್ತಾರೆ. ಇಲ್ಲಿ ಇನ್ನೊಬ್ಬಳನ್ನು ನಿಲ್ಲಿಸಲು ಇಂದ್ರನಿಲ್ಲ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಪದ್ಯವನ್ನೂ ತಾಳವನ್ನೂ ಒಪ್ಪಿಸಿ ಹೋದರೆ ಮಾತ್ರ ಆಟ ಮುಂದುವರಿಯುತ್ತದೆ.