ಕೃಷಿ ಹವಾಮಾನ ವಲಯಗಳ ಗಡಿಯನ್ನು ಮರಳಿ ಗುರುತಿಸಲು ಕೋರಿ ಮನವಿ ಪತ್ರ

ಇವರಿಗೆ,
ಸರ್ಕಾರದ ಕಾರ್ಯದರ್ಶಿಗಳು,
ಕೃಷಿ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಇವರಿಂದ,
ಅರೇಹಳ್ಳಿ ಮತ್ತು ಬಿಕ್ಕೋಡು ಹೋಬಳಿಗಳ ಬೆಳೆಗಾರರು,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ

ಮಾನ್ಯರೇ,

ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿ ಸುಮಾರು ನಾಲ್ಕು ದಶಕಗಳಾದವು. ಮಳೆ, ಮಣ್ಣು, ಎತ್ತರ, ಬೆಳೆ ನೋಡಿ ಎಳೆದ ಗೆರೆಗಳಾದರೂ ಅವು ಹಾದುಹೋಗಿರುವುದು ತಾಲ್ಲೂಕಿನ ಗಡಿಯ ಮೇಲೆ. ನಮ್ಮ ಬೇಲೂರು ತಾಲ್ಲೂಕು ಇಡಿಯಾಗಿ ದಕ್ಷಿಣ ಪರಿವರ್ತನಾ ವಲಯದಲ್ಲಿದೆ. ಹಳೇಬೀಡಿನ ರಾಗಿ ಹೊಲಕ್ಕೂ ಅರೇಹಳ್ಳಿಯ ಕಾಫಿ ತೋಟಕ್ಕೂ ನಕ್ಷೆಯಲ್ಲಿ ಒಂದೇ ಬಣ್ಣ. ಎಳೆದಾಗಲೇ ಒರಟಾಗಿದ್ದ ಗೆರೆ ಈಗ ಸುಳ್ಳೂ ಆಗುತ್ತಿದೆ.

1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಕೇಳಲು ಅಲ್ಪವೇ. ಆದರೆ ಬೆಟ್ಟದ ಸೀಮೆಯಲ್ಲಿ 1,000 ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಂಪು. ಹಳೆಯ ತಂಪನ್ನೇ ಹುಡುಕುವುದಾದರೆ ತೋಟ ಈಗಾಗಲೇ ನೂರು ಮೀಟರಿಗೂ ಹೆಚ್ಚು ಮೇಲೆ ಹೋಗಿರಬೇಕಿತ್ತು. ಘಟ್ಟದ ನೆತ್ತಿಯಲ್ಲಿರುವುದು ಶೋಲಾ ಕಾಡು, ಹುಲ್ಲುಗಾವಲು. ಅದನ್ನು ನಾವು ಕೇಳುತ್ತಲೂ ಇಲ್ಲ.

ಅರೇಬಿಕಾಗೆ ಹಿತವಾದದ್ದು 15ರಿಂದ 25 ಡಿಗ್ರಿ. ಬಿಸಿಲೇರಿ ನೆರಳು ತೆಳುವಾದ ಕಡೆ ಬಿಳಿ ಕಾಂಡಕೊರಕ ಹೊಗುತ್ತದೆ; ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ಹೀಗೆ ಕಿತ್ತ ಜಾಗದಲ್ಲಿ ನಮ್ಮಲ್ಲನೇಕರು ರೊಬಸ್ಟಾ ಹಾಕಿದೆವು. ರೊಬಸ್ಟಾ ಕಾವು ತಾಳುತ್ತದೆ, ಹೂ ಅರಳಿಸುವ ಹೂಮಳೆ ತಪ್ಪಿದರೆ ಮಾತ್ರ ತಾಳದು. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಚ್ಚೋಣವೆಂದರೆ ಕೆರೆಯ ತಳ ಕಾಣುತ್ತಿರುತ್ತದೆ. ಕೊಯ್ಲಿನ ಹೊತ್ತಿನ ಅಕಾಲ ಮಳೆಗೆ ಕಣದಲ್ಲೇ ಹಣ್ಣು ಬೂಷ್ಟು ಹಿಡಿಯುವುದು ಬೇರೆ. ರಾಗಿಯಾದರೆ ಮುಂದಿನ ಮುಂಗಾರಿಗೆ ತಳಿ ಬದಲಿಸಬಹುದು. ಇಂದು ನೆಟ್ಟ ಕಾಫಿ ಗಿಡ 2060ರಲ್ಲೂ ನಿಂತಿರುತ್ತದೆ. ಅಂದಿನ ಹವೆ ಹೇಗಿದ್ದೀತೆಂಬ ಅಂದಾಜಿಲ್ಲದೆ ಗುಂಡಿ ತೋಡುವುದು ಜೂಜು.

ಆದ್ದರಿಂದ, ತಾಲ್ಲೂಕಿನ ಬದಲು ಹೋಬಳಿಯನ್ನು ಘಟಕವಾಗಿಟ್ಟು, ಒಂದೇ ಹೋಬಳಿಯೊಳಗಿನ ಏರುತಗ್ಗನ್ನೂ ಲೆಕ್ಕಕ್ಕೆ ಹಿಡಿದು ವಲಯಗಳನ್ನು ಮರಳಿ ಗುರುತಿಸಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಮಳೆಯ ಅಂಕಿಅಂಶಕ್ಕೆ ಬರವಿಲ್ಲ. ಪ್ರತಿ ಹತ್ತು ವರ್ಷಕ್ಕೊಮ್ಮೆ ಈ ಪರಿಷ್ಕರಣೆ ಕಡ್ಡಾಯವಾಗಲಿ. ವಲಯ ಬದಲಾದ ಕಡೆ ಬೇಸಾಯ ಕ್ರಮದ ಶಿಫಾರಸು, ಬೆಳೆ ವಿಮೆಯ ಮಾನದಂಡ ಎರಡೂ ಅದೇ ವರ್ಷ ಬದಲಾಗಬೇಕು. ನಕ್ಷೆ ಮಾತ್ರ ಹೊಸದಾದರೆ ಅದು ಗೋಡೆಗೆ ಚಂದ.

ಇನ್ನೊಂದು ಕೋರಿಕೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನೂ ರಾಜ್ಯದ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳವರನ್ನೂ ಒಂದೇ ಸಮಿತಿಯಲ್ಲಿ ಕೂರಿಸಿ. ಕಾಫಿ ಕೇಂದ್ರದ ಮಂಡಳಿಗೆ, ಅದರ ಕೆಳಗಿನ ಗದ್ದೆ ರಾಜ್ಯದ ಇಲಾಖೆಗೆ ಎಂಬ ಹಂಚಿಕೆ ಮೋಡಕ್ಕೆ ಗೊತ್ತಿಲ್ಲ.

ಸಮಿತಿ ಹೂಮಳೆಯ ಹೊತ್ತಿಗೇ ನಮ್ಮ ಹೋಬಳಿಗಳಿಗೆ ಬರಲಿ. ತೋಟದ ಮನೆಗಳಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳನ್ನು ಅವರ ಮುಂದಿಡಲು ನಾವು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಬೆಳೆಗಾರರು